ಕಾಂಕ್ರೀಟಿನ ಕೊರಳಪಟ್ಟಿ

ಇಂಗ್ಲೆಂಡಿನ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ದೊಡ್ಡ ನಗರವಿದೆ. ಲೇಖನಿಯ ಮುಳ್ಳಿನಿಂದ ಮೋಟಾರು ವಾಹನದವರೆಗೆ ನೂರಾರು ವಸ್ತುಗಳನ್ನು ತಯಾರಿಸಿ ಲೋಕಕ್ಕೆ ಒದಗಿಸಿದ ಊರು ಅದು. ಅಲ್ಲಿನ ಕಾರ್ಖಾನೆಗಳು ಯುದ್ಧಸಾಮಗ್ರಿಯನ್ನೂ ತಯಾರಿಸುತ್ತಿದ್ದುದರಿಂದ ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳ ಕಣ್ಣು ಅದರ ಮೇಲೆ ಬಿದ್ದಿತು. 1940ರಿಂದ 1943ರವರೆಗಿನ ಬಾಂಬು ದಾಳಿಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಬುಲ್ ರಿಂಗ್ ಎಂಬ ಪುರಾತನ ಪೇಟೆಯಲ್ಲಿ 1835ರಿಂದ ಇದ್ದ ಮಾರುಕಟ್ಟೆ ಭವನದ ಮಾಡು ಉರಿದುಹೋಯಿತು. ಆದರೂ ವ್ಯಾಪಾರಿಗಳು ಎದೆಗುಂದದೆ, ಬಯಲಾದ ಆ ಗೋಡೆಗಳ ನಡುವೆಯೇ ಅಂಗಡಿ ಹೂಡಿದರು.

ಪಾಳುಬಿದ್ದ ಊರನ್ನು ಹೇಗೆ ಕಟ್ಟಬೇಕು? ಇದ್ದಂತೆಯೇ ಕಟ್ಟುವುದೋ, ಹೊಸ ರೂಪ ಕೊಡುವುದೋ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಸರ್ ಹರ್ಬರ್ಟ್ ಮ್ಯಾನ್ಜೋನಿ ಪ್ರಮುಖರು. 1935ರಿಂದ 1963ರವರೆಗೆ ಅವರು ನಗರದ ಮುಖ್ಯ ಎಂಜಿನಿಯರರಾಗಿದ್ದರು. ಕಿರಿದಾದ ಬೀದಿಗಳಲ್ಲಿ ವಾಹನಗಳು ಸಿಕ್ಕಿಕೊಳ್ಳುವುದನ್ನು ಕಂಡಿದ್ದ ಅವರು, ನಗರದ ನಡುಭಾಗವನ್ನು ಬಳಸಿ ಹೋಗುವ ವಿಶಾಲವಾದ ವರ್ತುಲ ರಸ್ತೆಯೇ ಇದಕ್ಕೆ ಮದ್ದೆಂದು ನಿರ್ಧರಿಸಿದರು. ಹಳೆಯ ಕಟ್ಟಡಗಳ ಮೇಲೆ ಅವರಿಗೆ ಅಷ್ಟೇನೂ ಮಮತೆಯಿರಲಿಲ್ಲ. ಮುಂದಿನ ಪೀಳಿಗೆಗೆ ಸುಗಮವಾದ, ಬೆಳಕುಳ್ಳ ನಗರವನ್ನು ಒಪ್ಪಿಸಬೇಕೆಂಬುದೇ ಅವರ ಹಂಬಲವಾಗಿತ್ತು.

1946ರ ಶಾಸನವೊಂದು ಈ ಯೋಜನೆಗೆ ಅಧಿಕಾರ ನೀಡಿತು. ಆದರೆ ಯುದ್ಧದಿಂದ ಬಸವಳಿದ ದೇಶದಲ್ಲಿ ಹಣವೂ ಇರಲಿಲ್ಲ, ಸಾಮಗ್ರಿಯೂ ಇರಲಿಲ್ಲ. ಕೆಲಸ ಆರಂಭವಾದುದು 1957ರಲ್ಲಿ. ಸ್ಮಾಲ್‌ಬ್ರೂಕ್ ರಿಂಗ್‌ವೇ ಎಂಬ ಮೊದಲ ಭಾಗ 1960ರಲ್ಲಿ ಸಿದ್ಧವಾಯಿತು. ಅದರ ಇಕ್ಕೆಲಗಳಲ್ಲಿ ಅಂಗಡಿಗಳೂ ಕಾಲುದಾರಿಗಳೂ ಇದ್ದವು. ಮುಂದಿನ ಭಾಗಗಳಲ್ಲಿ ವೇಗಕ್ಕೇ ಮೊದಲ ಮಣೆ ದೊರೆಯಿತು; ಸುರಂಗಗಳೂ ಮೇಲುಸೇತುವೆಗಳೂ ಎದ್ದವು. 1971ರ ಏಪ್ರಿಲ್ 7ರಂದು ರಾಣಿ ಎರಡನೆಯ ಎಲಿಜಬೆತ್ ಪೂರ್ಣಗೊಂಡ ರಸ್ತೆಯನ್ನು ಉದ್ಘಾಟಿಸಿದರು.

ವಾಹನಗಳಿಗೆ ಹಾದಿ ಸುಗಮವಾಯಿತು. ಆದರೆ ನಡೆದುಹೋಗುವವರ ಗತಿ? ವಾಹನಗಳು ತಡೆಯಿಲ್ಲದೆ ಓಡಬೇಕಾದರೆ ಅವುಗಳ ದಾರಿಗೆ ಯಾರೂ ಅಡ್ಡ ಬರಬಾರದು. ಆದುದರಿಂದ ಪಾದಚಾರಿಗಳನ್ನು ನೆಲದಡಿಯ ಹಾದಿಗಳಿಗೆ ಇಳಿಸಲಾಯಿತು. ಎದುರಿಗೇ ಕಾಣುವ ಅಂಗಡಿಗೆ ಹೋಗಲು ವೃದ್ಧರೂ ಕೂಸನ್ನು ಕರೆತಂದ ತಾಯಂದಿರೂ ಇಳಿದು, ಬಳಸಿ, ಮತ್ತೆ ಏರಬೇಕಾಯಿತು. ಕತ್ತಲಾದ ಮೇಲೆ ಆ ಹಾದಿಗಳಲ್ಲಿ ಕಾಲಿಡಲು ಜನ ಅಂಜಿದರು. ವರ್ತುಲದ ಒಳಗೆ ಜಾಗಕ್ಕೆ ನೂಕುನುಗ್ಗಲು. ಹೊರಗಿನ ಬಡಾವಣೆಗಳಾದರೋ ನಗರದಿಂದ ಕಡಿದುಹೋದವು. ನಗರಕ್ಕೆ ಹಾರವಾಗಬೇಕಾಗಿದ್ದ ರಸ್ತೆ ಕೊರಳು ಬಿಗಿಯುವ ಪಟ್ಟಿಯಾಯಿತು. ಜನರೇ ಅದನ್ನು 'ಕಾಂಕ್ರೀಟಿನ ಕೊರಳಪಟ್ಟಿ' ಎಂದು ಕರೆದರು.

ಇಷ್ಟು ಶ್ರಮಪಟ್ಟು ಕಟ್ಟಿದ್ದನ್ನು ತಪ್ಪೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಬರ್ಮಿಂಗ್‌ಹ್ಯಾಮ್ ಒಪ್ಪಿಕೊಂಡಿತು. 1988ರಲ್ಲಿ ಹೈಬರಿ ಎಂಬ ಭವನದಲ್ಲಿ ತಜ್ಞರೂ ನಗರದ ಪ್ರಮುಖರೂ ಸೇರಿ, ಈ ಕೊರಳಪಟ್ಟಿಯನ್ನು ಸಡಿಲಿಸಬೇಕೆಂದು ಅಭಿಪ್ರಾಯಪಟ್ಟರು. ರಸ್ತೆಯನ್ನು ಅಲ್ಲಲ್ಲಿ ತಗ್ಗಿಸಿ, ಅದರ ಮೇಲೆ ಜನ ನಡೆದುಹೋಗಲು ಅಗಲವಾದ ಹಾದಿಗಳನ್ನು ಮಾಡಲಾಯಿತು. 2002ರಲ್ಲಿ ಮಾಸ್‌ಹೌಸ್ ಎಂಬಲ್ಲಿನ ಎತ್ತರಿಸಿದ ವೃತ್ತವನ್ನು ಕೆಡಹುವ ಕೆಲಸ ನಡೆಯಿತು. 2003ರಲ್ಲಿ ಬುಲ್ ರಿಂಗ್ ಪೇಟೆ ಹೊಸದಾಗಿ ತೆರೆದಾಗ, ಜನರು ರಸ್ತೆಯ ಹಂಗಿಲ್ಲದೆ ಸೇಂಟ್ ಮಾರ್ಟಿನ್ ಚರ್ಚಿನವರೆಗೆ ನಡೆಯುವಂತಾಯಿತು.

ಮ್ಯಾನ್ಜೋನಿಯವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅವರ ಲೆಕ್ಕದಲ್ಲಿ ವಾಹನಗಳೂ ಇದ್ದವು, ಅವುಗಳ ವೇಗವೂ ಇತ್ತು. ರಸ್ತೆಯ ಅಂಚಿನಲ್ಲಿ ದಾಟಲು ಕಾದು ನಿಂತ ಮನುಷ್ಯ ಮಾತ್ರ ಆ ಲೆಕ್ಕದಿಂದ ಬಿಟ್ಟುಹೋಗಿದ್ದ. ಬಾಂಬು ಕೆಡಹಿದ್ದನ್ನು ಮತ್ತೆ ಕಟ್ಟಲು ಧೈರ್ಯ ಬೇಕು. ತಾನೇ ಕಟ್ಟಿದ್ದು ಜನರಿಗೆ ಒಗ್ಗದೆ ಹೋದಾಗ ಅದನ್ನು ಕೆಡಹಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ನಗರ ಈ ಎರಡನ್ನೂ ತೋರಿತು.