ಗಣಿ ಮಣ್ಣಿಗೆ ಮೊದಲ ಹುಲ್ಲು

ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ ಮೇವಿಗೆ ಒದಗುವಂತೆ ಮಾಡಬೇಕು, ಆ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಬೇಕು ಎಂದು 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಹೇಳಿತು. ಆದರೆ ಯಾವ ಹುಲ್ಲು? ಕೊಯಮತ್ತೂರು ಜಿಲ್ಲೆಯ ಅನ್ನೂರಿನ ಸುತ್ತ ಕನ್ನಡ ಮಾತಾಡುವ ಬೇಸಾಯದ ಮನೆಗಳಿಗೆ ಅರ್ಧ ಉತ್ತರ ಗೊತ್ತೇ ಇದೆ. ಅವರು ಬಲ್ಲ ಸಾಮೆ, ಸಜ್ಜೆ, ಜೋಳ ಎಲ್ಲವೂ ಹುಲ್ಲಿನ ಕುಟುಂಬದವೇ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕಲ್ಲು ಕ್ವಾರಿಗಳ ಪಕ್ಕ ಸುರಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಜಲ್ಲಿ, ಕಲ್ಲುಪುಡಿಯೇ ಹೆಚ್ಚು. ಉಂಡೆ ಕಟ್ಟುವುದಿಲ್ಲ, ತೇವ ನಿಲ್ಲುವುದಿಲ್ಲ, ಸಾರಜನಕ ತೀರಾ ಕಡಿಮೆ. ಇಳಿಜಾರಿನಲ್ಲಿ ಒಂದು ಬಿರುಮಳೆ ಬಿದ್ದರೆ ಕೊರಕಲು. ಬಹುಕಾಲ ಬಾಳುವ ಹುಲ್ಲು ಬೇರು ಬಿಡುವುದು ನಿಧಾನ. ಅಲ್ಲಿಯವರೆಗೆ ಮಣ್ಣು ಹಿಡಿದು ನಿಲ್ಲಿಸುವುದಷ್ಟೇ ವಾರ್ಷಿಕ ಹುಲ್ಲಿನ ಕೆಲಸ. ಆಯ್ಕೆ ಮಾಡುವಾಗ ಇದೊಂದನ್ನು ಮರೆಯಬಾರದು.

ಈ ಕೆಲಸಕ್ಕೆ ನಾನು ಮೊದಲು ಹೇಳುವುದು ಕೊರಲೆ. ತುಮಕೂರು, ಚಿತ್ರದುರ್ಗದ ಬಡ ಭೂಮಿಯಲ್ಲಿ ಬೆಳೆಯುವ ಸಿರಿಧಾನ್ಯ ಇದು. ಬೇಗ ಮೊಳೆತು, ತಗ್ಗಿನಲ್ಲೇ ತೆಂಡೆಯೊಡೆದು ಹರಡುತ್ತದೆ. ಗಿಡ ಕಿತ್ತರೆ ಕೂದಲಿನಂಥ ಬೇರಿನ ಜೊತೆ ಮಣ್ಣೂ ಎದ್ದು ಬರುತ್ತದೆ. ಭಾರತದಿಂದ ಅಮೆರಿಕಕ್ಕೆ ಹೋದ ಈ ಬೆಳೆಯನ್ನು ಅಲ್ಲಿ ಮಣ್ಣು ಸವಕಳಿ ತಡೆಯಲೂ ಬಳಸುತ್ತಾರೆ. ಸಜ್ಜೆಯೂ ಆದೀತು. ಜೋಳ ಬೇಡ: ಎತ್ತರ ಬೆಳೆದು ನೆರಳು ಕವಿಸುತ್ತದೆ, ಅದರ ಬೇರಿನ ರಸ ಪಕ್ಕದ ಎಳೆ ಸಸಿಗಳನ್ನು ಕುಗ್ಗಿಸುತ್ತದೆ, ಬರದಲ್ಲಿ ಬಾಡಿದ ಎಳೆ ಜೋಳ ಮೇಯ್ದರೆ ದನಕ್ಕೆ ವಿಷ.

ಕೊರಲೆಯನ್ನು ದಟ್ಟವಾಗಿ ಬಿತ್ತುವ ಆಸೆ ಎಲ್ಲರಿಗೂ ಬರುತ್ತದೆ, ಬೇಗ ಹಸಿರು ಕಾಣಲಿ ಎಂದು. ಹಾಗೆ ಮಾಡಿದರೆ ಅದರಡಿ ಕಾಯಂ ಹುಲ್ಲು ಉಸಿರುಗಟ್ಟುತ್ತದೆ. ತೆಳುವಾಗಿ ಚೆಲ್ಲಿ, ಸಾರಜನಕಕ್ಕೆ ಹುರುಳಿ ಬೆರೆಸಿ. ಕಾಯಂ ಹುಲ್ಲಿಗೆ ಕಾಂಗೇಯಂ ಕಡೆಯ ಹುಲ್ಲುಗಾವಲುಗಳ ಕೊಳುಕ್ಕಟ್ಟೆಯನ್ನೇ ಆರಿಸಿ. ಒಣ ಸೀಮೆಗೆ ಹೊಂದಿಕೊಂಡ ಹುಲ್ಲದು. ಈ ಸೀಮೆಗೆ ಹಿಂಗಾರೇ ಮುಖ್ಯ, ಆದ್ದರಿಂದ ಸೆಪ್ಟೆಂಬರ್ ಕೊನೆಯೊಳಗೆ ನೆಲ ಸಿದ್ಧವಿರಲಿ. ಎತ್ತಿಟ್ಟ ಮೇಲ್ಮಣ್ಣಿದ್ದರೆ ಮೊದಲು ಅದನ್ನು ಹರಡಿ.

ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬದಂಥ ಕಡೆ ಈ ಲೆಕ್ಕ ನಡೆಯದು. ಅಲ್ಲಿ ಮಣ್ಣು ಪರೀಕ್ಷೆಯಾಗದೆ ಮೇವಿನ ಮಾತೇ ಬೇಡ.

ಬೀಜ ಕೊಳ್ಳುವ ಮುನ್ನ ನಾಲ್ಕು ಕುಂಡಗಳಿಗೆ ನಿಮ್ಮ ಕ್ವಾರಿ ಪಕ್ಕದ ಮಣ್ಣನ್ನೇ ತುಂಬಿ ಬಿತ್ತಿ ನೋಡಿ. ಬಿತ್ತಿದ ಜಾಗಕ್ಕೆ ಮೊದಲ ವರ್ಷ ಆಡು, ದನ ಬಿಡಬೇಡಿ. ಕೊರಲೆಯನ್ನು ಕಾಳು ಗಟ್ಟಿಯಾಗುವ ಮೊದಲೇ ಕೊಯ್ದು, ಕೊಯ್ದದ್ದನ್ನು ಅಲ್ಲೇ ನೆಲಕ್ಕೆ ಹೊದಿಸಿ.