ನೆಗಡಿ ಮಾತ್ರೆ ಯಾರಿಗೆ?

ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ಬಿಡುವುದಿಲ್ಲ. ಅಂಥದೊಂದು ವಾರ ನಾನು ಊರಿಗೆ ಹೋದಾಗ ಅಪ್ಪಯ್ಯನಿಗೆ ನೆಗಡಿ ಹಿಡಿದಿತ್ತು. ಅವರಿಗೆ 72 ವರ್ಷ. ಬಿಪಿಗೆ ಬೆಳಿಗ್ಗೆ ಒಂದು ಮಾತ್ರೆ, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದ್ದಕ್ಕೆ ರಾತ್ರಿ ಟ್ಯಾಮ್ಸುಲೋಸಿನ್. ವರ್ಷಗಳಿಂದ ನಡೆದು ಬಂದದ್ದರಿಂದ ಅವು ಔಷಧಿ ಎನ್ನುವುದೇ ನಮಗೆ ಮರೆತುಹೋಗಿತ್ತು.

ಕೊಡೆ ಹಿಡಿದು ಪೇಟೆಗೆ ಹೋಗಿ, ಮೆಡಿಕಲ್ ಶಾಪಿನಲ್ಲಿ "ನೆಗಡಿಗೆ ಮಾತ್ರೆ ಕೊಡಿ" ಅಂದೆ. ಸ್ಟ್ರಿಪ್‌ನಿಂದ ಆರು ಮಾತ್ರೆ ಕತ್ತರಿಸಿ ಕೊಟ್ಟರು. ಯಾರಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ದಿನಕ್ಕೆ ಮೂರರಂತೆ ಕೊಟ್ಟೆ. ಮೈ ಬೆಚ್ಚಗಿದೆ ಎಂದು 650 ಮಿಲಿಗ್ರಾಂನ ಜ್ವರದ ಮಾತ್ರೆಯನ್ನೂ ಆರು ಗಂಟೆಗೊಮ್ಮೆ ಕೊಟ್ಟೆ. ಅಮ್ಮ ಅತಿಮಧುರ, ಕಾಳುಮೆಣಸು ಕುಟ್ಟಿ ಕಷಾಯ ಮಾಡಿದರು. ಎರಡನೇ ದಿನ ನಡುರಾತ್ರಿ ಬಚ್ಚಲಲ್ಲಿ ದೀಪ ಉರಿಯುತ್ತಲೇ ಇದ್ದುದನ್ನು ನೋಡಿ ಎದ್ದು ಹೋದೆ. ಅಪ್ಪಯ್ಯ ಗೋಡೆ ಹಿಡಿದು ನಿಂತಿದ್ದರು. "ಸಂಜೆಯಿಂದ ಒಂದಕ್ಕೇ ಬರ್ತಾ ಇಲ್ಲ" ಅಂದರು. ಮಗಳಿಗೆ ಹೇಳುವುದು ಹೇಗೆಂದು ಅಷ್ಟು ಹೊತ್ತೂ ನೋವು ನುಂಗಿಕೊಂಡಿದ್ದರು. ಕಿಬ್ಬೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು.

ಆಸ್ಪತ್ರೆಯಲ್ಲಿ ನಳಿಗೆ ಹಾಕಿ ಮೂತ್ರ ತೆಗೆದರು. ಬಿಪಿಯೂ ಏರಿತ್ತು. "ಹೊಸದಾಗಿ ಏನು ಕೊಟ್ರಿ?" ಎಂದು ಡಾಕ್ಟರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕತ್ತರಿಸಿದ ತುಂಡಿನ ಮೇಲೆ ಅರ್ಧ ಹೆಸರಷ್ಟೇ ಉಳಿದಿತ್ತು. ಒಳಗೆ ಏನೇನಿದೆ ಎಂಬ ಬರಹ ಅಂಗಡಿಯಲ್ಲೇ ಉಳಿದ ಭಾಗದಲ್ಲಿತ್ತು. ಅವರು ಹೆಸರು ಗುರುತಿಸಿ ವಿವರಿಸಿದ ಮೇಲೆ ತಿಳಿಯಿತು: ನಾನು ಒಂದು ಮಾತ್ರೆ ಎಂದುಕೊಂಡಿದ್ದರಲ್ಲಿ ಮೂರು ಔಷಧಿಗಳಿದ್ದವು.

ಮೊದಲನೆಯದು ಕ್ಲೋರ್‌ಫೆನಿರಮಿನ್. ಸೋರುವ ಮೂಗನ್ನು ಒಣಗಿಸುತ್ತದೆ, ಆದರೆ ಮೂತ್ರಕೋಶದ ಸ್ನಾಯು ಹಿಂಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಎರಡನೆಯದು ಫಿನೈಲೆಫ್ರಿನ್. ಅದು ರಕ್ತನಾಳಗಳನ್ನು ಬಿಗಿಯುತ್ತದೆ, ಬಿಪಿ ಏರಿಸಬಲ್ಲದು. ಮೂತ್ರಕೋಶದ ಬಾಯಿಯ ಸ್ನಾಯುವನ್ನೂ ಬಿಗಿಯುತ್ತದೆ. ಆ ಸ್ನಾಯುವನ್ನು ಸಡಿಲಿಸುವುದೇ ಟ್ಯಾಮ್ಸುಲೋಸಿನ್‌ನ ಕೆಲಸ. ರಾತ್ರಿ ಒಂದು ಮಾತ್ರೆ ಸಡಿಲಿಸಿದ್ದನ್ನು ನಾನು ಹಗಲು ಮೂರು ಸಲ ಬಿಗಿಯುತ್ತಿದ್ದೆ.

ಮೂರನೆಯದು 500 ಮಿಲಿಗ್ರಾಂ ಪ್ಯಾರಾಸಿಟಮಾಲ್. ಜ್ವರದ ಮಾತ್ರೆಯೂ ಅದೇ. ನಾಲ್ಕು 650, ಮೂರು 500, ಒಟ್ಟು ದಿನಕ್ಕೆ 4,100 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೇ ಗರಿಷ್ಠ ಮಿತಿ 4,000. ಅದು ಮೀರುತ್ತ ಹೋದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಕಷಾಯದ ಅತಿಮಧುರವನ್ನೂ ಡಾಕ್ಟರು ಬಿಡಲಿಲ್ಲ. ದಿನಗಟ್ಟಲೆ ಕುಡಿದರೆ ಅದು ದೇಹದಲ್ಲಿ ಉಪ್ಪುನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ. ಅಪ್ಪಯ್ಯನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು. ಅದೂ ಪೊಟ್ಯಾಸಿಯಮ್ ಇಳಿಸುವಂಥದ್ದೇ. ಮನೆಮದ್ದೂ ಮದ್ದೇ ಎಂಬುದು ಅಮ್ಮನಿಗೂ ನನಗೂ ಅಂದು ಅರ್ಥವಾಯಿತು.

ಆಮೇಲೆ ಓದಿದ್ದು ಇನ್ನೂ ನೋಯಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎಯ ತಜ್ಞರ ಸಮಿತಿ, ನುಂಗುವ ಫಿನೈಲೆಫ್ರಿನ್‌ನಿಂದ ಕಟ್ಟಿದ ಮೂಗು ಬಿಡುವುದಿಲ್ಲ ಎಂದು ಒಮ್ಮತದಿಂದ ಹೇಳಿತ್ತು. ಆಗದ ಉಪಕಾರಕ್ಕಾಗಿ ಅಪ್ಪಯ್ಯನನ್ನು ಅಪಾಯಕ್ಕೆ ಒಡ್ಡಿದ್ದೆ.

ಮೂರು ದಿನದ ಮೇಲೆ ನಳಿಗೆ ತೆಗೆದರು. ಅಪ್ಪಯ್ಯ ಸುಧಾರಿಸಿಕೊಂಡರು. ಆ ಮೂರು ದಿನ ಆಸ್ಪತ್ರೆಯಲ್ಲಿ ಕೂತು ನಾನು ಕಲಿತದ್ದನ್ನು ಈಗ ನೆಂಟರಿಷ್ಟರಿಗೆಲ್ಲ ಹೇಳುತ್ತಿರುತ್ತೇನೆ.

ಮಾತ್ರೆ ಕತ್ತರಿಸಿ ಕೊಡುವ ಮೊದಲೇ ಇಡೀ ಸ್ಟ್ರಿಪ್ ಕೇಳಿ, ಹಿಂಬದಿಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಕಂಪನಿಯ ಹೆಸರಿಗಿಂತ ಕೆಳಗಿನ ಸಣ್ಣ ಅಕ್ಷರ ಮುಖ್ಯ. ಎರಡು ಮಾತ್ರೆಗಳಲ್ಲಿ ಒಂದೇ ಔಷಧಿಯ ಹೆಸರಿದ್ದರೆ ಎರಡನ್ನೂ ಒಟ್ಟಿಗೆ ಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಮೈಕೈ ನೋವೆಂದು ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವವಾಗಬಹುದು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ಪನ್ನು ಡಾಕ್ಟರನ್ನು ಕೇಳದೆ ಕುಡಿಯಬಾರದು. ನಿದ್ರೆ ಮಾತ್ರೆಯ ಜೊತೆ ಕ್ಲೋರ್‌ಫೆನಿರಮಿನ್ ಸೇರಿದರೆ ಮಂಪರು ಹೆಚ್ಚಿ, ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದಾರು. ಹಾಗೆಂದು ನೆಗಡಿ ಮಾತ್ರೆಗೋಸ್ಕರ ಬಿಪಿ, ಶುಗರ್ ಮಾತ್ರೆಗಳನ್ನು ನಿಲ್ಲಿಸುವುದೂ ತಪ್ಪು. ಮೂತ್ರ ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಎಲ್ಲಕ್ಕಿಂತ ದೊಡ್ಡ ಪಾಠ ಅಂಗಡಿಯ ಮುಂದೆ ಆಡುವ ಮಾತಿನದು. ಅಂದು ನಾನು ನೆಗಡಿಗೆ ಮದ್ದು ಕೇಳಿದೆ, ಅಪ್ಪಯ್ಯನಿಗೆ ಕೇಳಲಿಲ್ಲ. ವಯಸ್ಸು, ಇರುವ ಕಾಯಿಲೆ, ನಡೆಯುತ್ತಿರುವ ಮಾತ್ರೆ, ಈ ಮೂರನ್ನು ಹೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಈಗ ಅಪ್ಪಯ್ಯನ ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಅವರ ಅಂಗಿ ಜೇಬಿನಲ್ಲಿರುತ್ತದೆ. ಹೋದ ತಿಂಗಳು ಮತ್ತೆ ನೆಗಡಿಯಾದಾಗ ತಾವೇ ಪೇಟೆಗೆ ಹೋಗಿ ಚೀಟಿ ತೋರಿಸಿದರಂತೆ. ಅಂಗಡಿಯವರು ಓದಿ, ಕೈಗೆತ್ತಿಕೊಂಡಿದ್ದ ಸ್ಟ್ರಿಪ್ಪನ್ನು ಹಿಂದಕ್ಕಿಟ್ಟು, ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಕೊಟ್ಟು ಕಳಿಸಿದರಂತೆ. "ಜ್ವರ ಬಂದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ಲೆಕ್ಕ ಇಟ್ಟು ಅಂದ್ರು" ಎಂದು ಅಪ್ಪಯ್ಯ ಫೋನಿನಲ್ಲಿ ಒಪ್ಪಿಸಿದಾಗ ನನ್ನ ಎದೆಯ ಭಾರ ಇಳಿಯಿತು.