ನಾರ್ವೆಯಲ್ಲಿ ಹೋಟೆಲಿನ ಮೆನು ಬದಿಗಿಡು

ನಾರ್ವೆಗೆ ಹೊರಟಿದ್ದೀಯಂತೆ, ಸಂತೋಷ ಕಣಪ್ಪ. ಫ್ಯೋರ್ಡು, ಹಿಮ, ನಡುರಾತ್ರಿಯ ಸೂರ್ಯ ನೋಡುವುದಕ್ಕೆ ನನ್ನ ಸಲಹೆ ಬೇಕಿಲ್ಲ. ಊಟದ ವಿಷಯದಲ್ಲಿ ಮಾತ್ರ ನಾಲ್ಕು ಮಾತು ಕಿವಿಗೆ ಹಾಕಿಕೋ. ಅಲ್ಲಿಗೆ ಹೋಗಿಬಂದ ನಮ್ಮವರು ಹೇಳುವ ದೂರು ಎರಡೇ: ಜೇಬು ಖಾಲಿಯಾಯಿತು, ತಿಂದದ್ದು ಸಪ್ಪೆ. ಎರಡಕ್ಕೂ ಮೂಲ ಒಂದೇ. ಅವರು ಆ ದೇಶದ ಊಟವನ್ನು ಹೋಟೆಲಿನಲ್ಲಿ ಹುಡುಕುತ್ತಾರೆ. ಅದು ಸಿಗುವುದು ದಿನಸಿ ಅಂಗಡಿಯಲ್ಲಿ, ಬಂದರಿನ ದೋಣಿಯಲ್ಲಿ, ಬೆಟ್ಟದ ಮೇಲಿನ ಮರದ ಮನೆಗಳಲ್ಲಿ.

ಇಳಿದ ದಿನವೇ ರೇಮಾ 1000 ಅಂತಲೋ ಕಿವಿ ಅಂತಲೋ ಬೋರ್ಡು ಇರುವ ಅಂಗಡಿಗೆ ಹೋಗು. ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅದು ನೆನಪಿರಲಿ. ಒಂದು ದಪ್ಪ ಕಾಳಿನ ಬ್ರೆಡ್ಡು, ಬೆಣ್ಣೆ, ಬ್ರೂನೊಸ್ಟ್ ಎಂಬ ಕಂದು ಚೀಸಿನ ಗಟ್ಟಿ ಕೊಂಡುಕೋ. ಚೀಸ್ ತೆಗೆದ ಮೇಲೆ ಉಳಿಯುವ ನೀರಿಗೆ ಹಾಲು, ಕೆನೆ ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಾರೆ. ನೀರೆಲ್ಲ ಆವಿಯಾಗಿ, ಹಾಲಿನ ಸಕ್ಕರೆ ಕಂದು ತಿರುಗಿ, ಧಾರವಾಡ ಪೇಡಕ್ಕೆ ಉಪ್ಪು ಹಾಕಿದಂಥ ರುಚಿ ಬರುತ್ತದೆ. ಕೆನೆ ಸೇರಿಸುವ ಉಪಾಯವನ್ನು 1863ರಲ್ಲಿ ಗುಡ್‌ಬ್ರಾನ್ಸ್‌ಡಾಲೆನ್ ಕಣಿವೆಯ ಅನ್ನೆ ಹೋವ್ ಎಂಬ ಹೆಣ್ಣುಮಗಳು ಕಂಡುಕೊಂಡರೆಂದು ಹೇಳುತ್ತಾರೆ. ಈ ಚೀಸನ್ನು ಚಾಕುವಿನಿಂದ ತುಂಡು ತುಂಡಾಗಿ ಕತ್ತರಿಸಬೇಡ, ಬಾಯಿಗೆ ಅಂಟಿಕೊಳ್ಳುತ್ತದೆ. ನಡುವೆ ಸೀಳು ಇರುವ ಚಪ್ಪಟೆ ಸಲಕರಣೆಯೊಂದಿದೆ, ಲಿಲ್ಲೆಹಾಮರ್ ಊರಿನ ಥೋರ್ ಬ್ಯೋರ್ಕ್‌ಲುಂಡ್ ಎಂಬ ಬಡಗಿ 1925ರಲ್ಲಿ ಪೇಟೆಂಟ್ ಮಾಡಿಸಿದ್ದು. ಅದನ್ನು ಗಟ್ಟಿಯ ಮೇಲೆ ಎಳೆದರೆ ತೆಳ್ಳನೆಯ ಪದರ ಸುರುಳಿಯಾಗಿ ಮೇಲೇಳುತ್ತದೆ. ಬಿಸಿ ವ್ಯಾಫಲ್ ಮೇಲೆ ಹಾಕಿದರೆ ಅಂಚು ಕರಗಿ ಒಳಗಿಳಿಯುತ್ತದೆ. ಮನೆಗೆ ತರುವ ಉಡುಗೊರೆಗೂ ಆ ಸಲಕರಣೆ ಚೆನ್ನ. ನಿನ್ನ ಹೆಂಡತಿ ಅಪ್ಪಟ ಸಸ್ಯಾಹಾರಿ, ಹಾಗಾಗಿ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇದೆಯೇ ಎಂದು ಅಂಗಡಿಯವರನ್ನು ಕೇಳಿಯೇ ಕೊಳ್ಳಿ.

ಗಡಿಯಾರವನ್ನೂ ಅವರಂತೆ ತಿರುಗಿಸಿಕೊಳ್ಳಬೇಕು. ಆಫೀಸಿನವರು, ಶಾಲೆ ಮಕ್ಕಳು ಹನ್ನೊಂದೂವರೆ, ಹನ್ನೆರಡಕ್ಕೆಲ್ಲ ಬುತ್ತಿ ಬಿಚ್ಚುತ್ತಾರೆ. ಬ್ರೆಡ್ಡಿನ ಚೂರುಗಳು, ಮಧ್ಯೆ ಒಂದೊಂದು ಕಾಗದ, ಅಷ್ಟೇ. ಬಿಸಿ ಊಟ ಸಂಜೆ ನಾಲ್ಕು, ಐದಕ್ಕೆ. ಸಣ್ಣ ಊರಲ್ಲಿ ರಾತ್ರಿ ಒಂಬತ್ತಕ್ಕೆ ಹಸಿದುಕೊಂಡು ಅಲೆದರೆ ಪೆಟ್ರೋಲ್ ಬಂಕಿನ ಹಾಟ್‌ಡಾಗೇ ಗತಿ.

ಓಸ್ಲೋದಲ್ಲಿ ನಗರಸಭೆ ಕಟ್ಟಡದ ಮುಂದಿನ ಧಕ್ಕೆಗೆ ಹೋಗು. ಸಮುದ್ರದಲ್ಲೇ ಬೇಯಿಸಿದ ಸಿಗಡಿಯನ್ನು ಮೀನುಗಾರರು ದೋಣಿಯಿಂದಲೇ ಮಾರುತ್ತಾರೆ. ಒಂದು ಪೊಟ್ಟಣ ಕೊಂಡು ಕಟ್ಟೆಯ ಮೇಲೆ ಕೂತುಕೋ. ತಲೆ ಹಿಡಿದು ತಿರುಚಿ ತೆಗೆ, ಕಾಲುಗಳ ಕಡೆಯಿಂದ ಹೆಬ್ಬೆರಳು ತೂರಿಸಿ ಸಿಪ್ಪೆ ಬಿಡಿಸು, ಬಿಳಿ ಬ್ರೆಡ್ಡಿನ ಮೇಲೆ ರಾಶಿ ಹಾಕು, ಮೇಯನೇಸು ಸವರಿ ನಿಂಬೆ ಹಿಂಡು. ಖಾರ ಬೇಕೆನಿಸೀತು, ಆದರೆ ಮೊದಲ ತುತ್ತಿಗೆ ಚಟ್ನಿಪುಡಿ ತೆಗೆಯಬೇಡ. ತಣ್ಣೀರಿನ ಸಿಗಡಿಗೆ ತನ್ನದೇ ಸಿಹಿ ಇರುತ್ತದೆ. ಅಂದಹಾಗೆ ಚಟ್ನಿಪುಡಿ ಒಯ್ಯಬಹುದು, ತುಪ್ಪದ ಡಬ್ಬಿ ಒಯ್ಯುವಂತಿಲ್ಲ. ಇಲ್ಲಿಂದ ಮಾಂಸ, ಹಾಲಿನ ಪದಾರ್ಥ ಆ ದೇಶದೊಳಗೆ ತರಲು ಬಿಡುವುದಿಲ್ಲ. ನಿನ್ನ ಅತ್ತೆಗೆ ಮೊದಲೇ ಹೇಳಿಬಿಡು.

ಉತ್ತರದ ಲೋಫೋಟೆನ್ ದ್ವೀಪಗಳಿಗೆ ಹೋದರೆ ಮರದ ಅಟ್ಟಣಿಗೆಗಳಲ್ಲಿ ಕಾಡ್ ಮೀನು ಜೋಡಿ ಜೋಡಿಯಾಗಿ ಬಾಲ ಕಟ್ಟಿ ತೂಗುಬಿಟ್ಟಿರುವುದನ್ನು ನೋಡುತ್ತೀಯ. ಫೆಬ್ರವರಿಯಿಂದ ಮೇವರೆಗೆ, ಒಂದು ಹರಳು ಉಪ್ಪೂ ಇಲ್ಲದೆ, ಬರೀ ಚಳಿಗಾಳಿಗೆ ಅದು ಒಣಗುತ್ತದೆ. ಇನ್ನೂ ಚಳಿಯಾದರೆ ಹೆಪ್ಪುಗಟ್ಟಿ ಕೆಡುತ್ತದೆ, ಸೆಖೆಯಾದರೆ ಕೊಳೆಯುತ್ತದೆ. ಆ ತೀರದ ಹವೆ ಎರಡರ ನಡುವೆ ನಿಲ್ಲುವುದರಿಂದಲೇ ಈ ಕಸುಬು ಉಳಿದಿದೆ. ಒಳ್ಳೆಯ ಮೀನು ಇಟಲಿಗೆ ಹೋಗುತ್ತದೆ, ತಲೆಗಳು ನೈಜೀರಿಯಾಕ್ಕೆ. ಅದೇ ಒಣಮೀನನ್ನು ಕ್ಷಾರದ ನೀರಲ್ಲಿ ನೆನೆಸಿ ಮಾಡುವುದು ಲೂಟೆಫಿಸ್ಕ್. ಲೋಳೆ ಲೋಳೆಯಾಗಿ ನಡುಗುತ್ತಿರುತ್ತದೆ. ಕ್ರಿಸ್‌ಮಸ್ಸಿನ ಹಿಂದುಮುಂದಿನ ದಿನಗಳ ಊಟ ಅದು, ಬೇಸಿಗೆಯಲ್ಲಿ ಕೇಳಬೇಡ. ಕುರಿತಲೆ, ಹುದುಗಿಸಿದ ಮೀನು ಮುಂತಾದವನ್ನು ಫೋಟೋಕ್ಕಾಗಿ ತರಿಸಿ, ಮುಖ ಕಿವುಚಿ ಬಿಟ್ಟೇಳುವುದು ನನಗೆ ಸೇರುವುದಿಲ್ಲ. ಇನ್ನೊಬ್ಬರ ಹಬ್ಬದೂಟ ಅದು. ಸೆಪ್ಟೆಂಬರಿನ ಕೊನೆಯ ಗುರುವಾರ ಅಲ್ಲಿದ್ದರೆ ಫೋರಿಕೋಲ್ ಉಣ್ಣು. ಕುರಿಮಾಂಸ, ಎಲೆಕೋಸು, ಇಡೀ ಕಾಳುಮೆಣಸು, ಉಪ್ಪು. ಬೇರೇನೂ ಇಲ್ಲ, ಬೇಕಾಗಿಯೂ ಇಲ್ಲ.

ಬೆಟ್ಟಕ್ಕೆ ಹೋಗುವುದನ್ನು ತಪ್ಪಿಸಬೇಡ. 1868ರಲ್ಲಿ ಹುಟ್ಟಿದ ಚಾರಣಿಗರ ಸಂಘವೊಂದು ಅಲ್ಲೆಲ್ಲ ಮನೆಗಳನ್ನು ಕಟ್ಟಿಸಿಟ್ಟಿದೆ. ಕೆಲವದರಲ್ಲಿ ಅಡಿಗೆಯವರಿದ್ದಾರೆ. ಇನ್ನು ಕೆಲವದರಲ್ಲಿ ಯಾರೂ ಇರುವುದಿಲ್ಲ. ಸದಸ್ಯರಿಗೆ ಕೊಡುವ ಬೀಗದ ಕೈಯಿಂದ ಬಾಗಿಲು ತೆಗೆದು, ಉಗ್ರಾಣದಲ್ಲಿ ಡಬ್ಬಿ, ಒಣ ಬ್ರೆಡ್ಡು, ಕಾಫಿಪುಡಿ ಬೇಕಾದಷ್ಟು ತೆಗೆದುಕೊಂಡು, ತೆಗೆದದ್ದನ್ನು ಬರೆದು ದುಡ್ಡು ಕಟ್ಟಬೇಕು. ಕಾಯುವವರು ಯಾರೂ ಇಲ್ಲ. ದಾರಿಯ ಬ್ಲೂಬೆರ್ರಿ ಕೀಳಲು ಯಾರ ಅಪ್ಪಣೆಯೂ ಬೇಡ, ಕಾಡುಮೇಡಿನಲ್ಲಿ ಓಡಾಡುವ ಹಕ್ಕನ್ನು 1957ರ ಕಾಯಿದೆಯೇ ಕೊಟ್ಟಿದೆ. ಉತ್ತರದಲ್ಲಿ ಕ್ಲೌಡ್‌ಬೆರ್ರಿ ವಿಷಯದಲ್ಲಿ ಮಾತ್ರ ಜಮೀನಿನವರು ಬೇಡ ಅನ್ನಬಹುದು, ಅದು ಅವರಿಗೆ ಅಷ್ಟು ಪ್ರೀತಿ.

ಕುಡಿಯುವುದರಲ್ಲಿ ಮೊದಲು ನೀರು. ನಲ್ಲಿ ನೀರೇ ಕುಡಿ, ಬಾಟಲಿ ನೀರಿಗೆ ದುಡ್ಡು ಸುರಿಯುವುದು ದಡ್ಡತನ. ಕಾಫಿ ಹದವಾಗಿ ಹುರಿದ ಬೀಜದ್ದು, ಹಾಲಿಲ್ಲದ್ದು, ಕೊಂಚ ಹುಳಿ. ಚಿಕೋರಿ ಬೆರೆತ ನಮ್ಮ ಡಿಕಾಕ್ಷನ್ನಿಗೆ ಒಗ್ಗಿದವನಿಗೆ ಮೊದಲ ಲೋಟ ನೀರುನೀರು ಅನ್ನಿಸುತ್ತದೆ, ಬೈಯಬೇಡ. 2000ದಲ್ಲಿ ನಡೆದ ಮೊದಲ ವಿಶ್ವ ಬರಿಸ್ತಾ ಸ್ಪರ್ಧೆ ಗೆದ್ದವನು ಅವರವನೇ.

ಗುಂಡಿನ ವಿಷಯ ನಿನ್ನ ಅಪ್ಪನಿಗೆ ಹೇಳುವುದಿಲ್ಲ, ಹೆದರಬೇಡ. ಅಂಗಡಿಯಲ್ಲಿ ಶೇಕಡಾ 4.7ರವರೆಗಿನ ಬಿಯರ್ ಮಾತ್ರ, ಅದೂ ವಾರದ ದಿನ ರಾತ್ರಿ 8ರೊಳಗೆ, ಶನಿವಾರ ಸಂಜೆ 6ರೊಳಗೆ. ಅದಕ್ಕಿಂತ ಗಟ್ಟಿಯಾದದ್ದು 1922ರಲ್ಲಿ ಶುರುವಾದ ಸರ್ಕಾರಿ ಅಂಗಡಿ ವಿನ್‌ಮೊನೊಪೋಲೆಯಲ್ಲೇ ಸಿಗಬೇಕು. ಶನಿವಾರ ಅದು ಬೇಗ ಮುಚ್ಚುತ್ತದೆ. ಒಂದೇ ಒಂದು ರುಚಿ ನೋಡುವುದಾದರೆ ಲೀನಿಯೆ ಅಕ್ವಾವಿಟ್ ನೋಡು, ಆಲೂಗಡ್ಡೆಯ ಮದ್ಯಕ್ಕೆ ಶಾಜೀರಿಗೆಯ ವಾಸನೆ. 1805ರಲ್ಲಿ ಬಟಾವಿಯಾಕ್ಕೆ ಹೋದ ಹಡಗಿನಲ್ಲಿದ್ದ ಈ ಮದ್ಯ ಮಾರಾಟವಾಗದೆ ವಾಪಸು ಬಂತು. ಪೀಪಾಯಿಯಲ್ಲಿ ತೂಗಾಡಿ ತೂಗಾಡಿ ರುಚಿ ಹೆಚ್ಚಿತ್ತು. ಈಗಲೂ ಪೀಪಾಯಿಗಳನ್ನು ಹಡಗೇರಿಸಿ ಭೂಮಧ್ಯರೇಖೆ ದಾಟಿಸಿ ತರುತ್ತಾರೆ. ಯಾವ ಹಡಗಿನಲ್ಲಿ ಯಾವಾಗ ಹೋಗಿ ಬಂತೆಂದು ಚೀಟಿಯ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ಬಾಟಲಿಯೊಳಗಿನಿಂದ ಓದಿಕೋ.

ಬಿಯರ್ ಡಬ್ಬಿ, ಸೋಡಾ ಬಾಟಲಿ ಎಸೆಯಬೇಡ. ಕೊಳ್ಳುವಾಗಲೇ ಠೇವಣಿ ಹಿಡಿದಿರುತ್ತಾರೆ. ಅಂಗಡಿಯಲ್ಲಿರುವ ಯಂತ್ರದ ಬಾಯಿಗೆ ಒಂದೊಂದೇ ಹಾಕಿದರೆ ಕೊನೆಗೆ ಎರಡು ದಾರಿ: ಒಂದು ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ದುಡ್ಡು ಕೊಡುತ್ತಾರೆ. ಇನ್ನೊಂದು ಒತ್ತಿದರೆ ರೆಡ್ ಕ್ರಾಸಿನ ಲಾಟರಿ. ನೀನು ಚೀಟಿಯನ್ನೇ ತೆಗೆದುಕೋ, ನಮ್ಮ ಮನೆತನದಲ್ಲಿ ಲಾಟರಿ ಹೊಡೆದವರು ಯಾರೂ ಇಲ್ಲ.